ತಟ್ಟಿ ನೋಡಲಾಗದ ವಾದ್ಯ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುತ್ತಾರೆ. ದನಿ ತುಂಬಿ ಬಂದರೆ ಮಡಕೆ ಗಟ್ಟಿ. ಒಡಕು ದನಿ ಬಂದರೆ ಎಲ್ಲೋ ಬಿರುಕು ಬಿಟ್ಟಿದೆ ಎಂದು ಅರ್ಥ. ಮೃದಂಗ ಕೊಳ್ಳುವವರು ಬಾರಿಸಿ ನೋಡದೆ, ವೀಣೆ ಕೊಳ್ಳುವವರು ಮೀಟಿ ನೋಡದೆ ದುಡ್ಡು ಎಣಿಸುವುದಿಲ್ಲ. ದನಿಯಿಂದ ವಸ್ತುವಿನ ಗುಣ ಅಳೆಯುವ ಈ ಹಳೆಯ ಪದ್ಧತಿಗೆ ಇರುವುದು ಒಂದೇ ಷರತ್ತು: ವಸ್ತುವೂ ಅದನ್ನು ಕೇಳುವ ಕಿವಿಯೂ ಒಂದೇ ಜಾಗದಲ್ಲಿರಬೇಕು.

ಈ ಷರತ್ತು ಬಹುಪಾಲು ಮುರಿದುಬಿದ್ದಿರುವ ವಾದ್ಯವೊಂದಿದೆ. ಅದೇ ಅನಲಾಗ್ ಸಿಂಥಸೈಸರ್. ಇವತ್ತು ಅದನ್ನು ಕೊಳ್ಳುವ ಹಂಬಲವಿರುವ ಯುವಕನೊಬ್ಬ ಬೆಂಗಳೂರಿನಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ಅವನು ಮೊದಲು ಮಾಡುವ ಕೆಲಸ ಯಾರೋ ಅದನ್ನು ನುಡಿಸಿ ತೋರಿಸುವ ವಿಡಿಯೋಗಳನ್ನು ನೋಡುವುದು. ನಮ್ಮ ಊರುಗಳ ವಾದ್ಯದಂಗಡಿಗಳಲ್ಲಿ ಇಂಥ ಯಂತ್ರ ಸಿಗುವುದೇ ಅಪರೂಪ. ಹೊರದೇಶದಿಂದ ತರಿಸಿದರೆ ಬೆಲೆಯ ಮೇಲೆ ಸಾಗಣೆ, ಅದರ ಮೇಲೆ ಸುಂಕ. ಮೆಚ್ಚಿಗೆಯಾಗದಿದ್ದರೆ ಹಿಂದಿರುಗಿಸುವುದು ಸುಲಭವಲ್ಲ. ಹೀಗಾಗಿ ವರ್ಷಗಟ್ಟಲೆ ಕೂಡಿಟ್ಟ ಹಣದ ಹಣೆಬರಹವನ್ನು ಹತ್ತು ನಿಮಿಷದ ವಿಡಿಯೋ ಬರೆಯುತ್ತದೆ.

ಆ ವಿಡಿಯೋವನ್ನು ಎಷ್ಟು ನಂಬಬಹುದು? ಪ್ರಶ್ನೆ ಹೊಸದೆನಿಸಿದರೂ ಅದಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದು ಶುರುವಾಗುವುದು ಸಿಂಥಸೈಸರ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲು, ಕತ್ತಲು ಮಾಡಿದ ಒಂದು ಸಭಾಂಗಣದಲ್ಲಿ.

ಕತ್ತಲಲ್ಲಿ ನಡೆದ ಪರೀಕ್ಷೆ

ಥಾಮಸ್ ಎಡಿಸನ್ ಅವರ ಕಂಪನಿ ‘ಡೈಮಂಡ್ ಡಿಸ್ಕ್’ ಎಂಬ ಗ್ರಾಮಫೋನನ್ನು ಮಾರಲು 1915ರಿಂದ ಸುಮಾರು ಹತ್ತು ವರ್ಷ ಅಮೆರಿಕದ ಊರೂರುಗಳಲ್ಲಿ ಒಂದು ಪ್ರದರ್ಶನ ಏರ್ಪಡಿಸುತ್ತಿತ್ತು. ವೇದಿಕೆಯ ಮೇಲೆ ಗ್ರಾಮಫೋನ್. ಅದರ ಪಕ್ಕದಲ್ಲಿ ಗಾಯಕಿ. ಆಕೆ ಸ್ವಲ್ಪ ಹಾಡುವುದು, ನಿಲ್ಲಿಸುವುದು, ಯಂತ್ರ ಮುಂದುವರಿಸುವುದು. ನಡುವೆ ದೀಪ ಆರಿಸುತ್ತಿದ್ದರು. ದೀಪ ಮತ್ತೆ ಹೊತ್ತಿದಾಗ ಗಾಯಕಿ ವೇದಿಕೆಯ ಮೇಲೆ ಇರುತ್ತಿರಲಿಲ್ಲ! ಇಷ್ಟು ಹೊತ್ತು ಹಾಡಿದ್ದು ಯಂತ್ರವೇ ಎಂದು ಸಭಿಕರು ಬೆರಗಾಗುತ್ತಿದ್ದರು. 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೇರಿ ರಾಪೋಲ್ಡ್ ಎಂಬ ಗಾಯಕಿಯೊಂದಿಗೆ ಇಂಥದೇ ಪ್ರದರ್ಶನ ನಡೆಯಿತು.

ಈಗ ಆ ತಟ್ಟೆಗಳನ್ನು ಕೇಳಿದರೆ ಸರಸರ ಸದ್ದಿನ ನಡುವೆ ಕೃಶವಾದ ದನಿ ಕೇಳುತ್ತದೆ. ಅಂದಿನವರು ಮೋಸಹೋದದ್ದು ಹೇಗೆ? ಈ ಪ್ರದರ್ಶನಗಳಲ್ಲಿ ಹೆಸರಾಗಿದ್ದ ಆನಾ ಕೇಸ್ ಎಂಬ ಗಾಯಕಿ ಬಹಳ ವರ್ಷಗಳ ನಂತರ ಗುಟ್ಟು ಬಿಟ್ಟುಕೊಟ್ಟರು. ಯಂತ್ರದ ಪಕ್ಕದಲ್ಲೇ ನಿಂತು, ತಮ್ಮ ದನಿಯನ್ನು ಯಂತ್ರದ ದನಿಯ ಹದಕ್ಕೆ ತಂದುಕೊಂಡು ಅವರು ಹಾಡುತ್ತಿದ್ದರಂತೆ. ಯಂತ್ರ ಮನುಷ್ಯರಂತೆ ಹಾಡಿದ್ದಲ್ಲ. ಮನುಷ್ಯರು ಯಂತ್ರದಂತೆ ಹಾಡಿದ್ದು.

ಮಾರಾಟದ ಪ್ರದರ್ಶನದಲ್ಲಿ ಸುಳ್ಳು ಹೇಳಲೇಬೇಕೆಂದಿಲ್ಲ. ಕುಶಲಿಯಾದ ಕಲಾವಿದರು ಯಂತ್ರಕ್ಕೆ ಹೊಂದಿಕೊಂಡರೆ ಸಾಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಪೆಟ್ಟಿಗೆಯೊಳಗೆ ಏನಿದೆ?

ನಮ್ಮ ಸಂಗೀತ ಕಛೇರಿಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಎಲ್ಲರೂ ಕಂಡಿರುತ್ತೀರಿ. ಎಂಜಿನಿಯರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜ್‌ನಾರಾಯಣ್ 1979ರಲ್ಲಿ ಅದನ್ನು ರೂಪಿಸಿದರು. ತಂತಿಯಿಲ್ಲದೆ, ಬುರುಡೆಯಿಲ್ಲದೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಪೆಟ್ಟಿಗೆ ಅದು. ಸಿಂಥಸೈಸರ್ ಕೂಡ ಅದೇ ಕುಲದ್ದು. ಆದರೆ ತಂಬೂರಿಯ ಪೆಟ್ಟಿಗೆ ಒಂದು ನಾದವನ್ನು ಅನುಕರಿಸಿದರೆ, ಸಿಂಥಸೈಸರ್ ನಾದವನ್ನು ಬೇಕಾದಂತೆ ಕಟ್ಟಲು ಬಿಡುತ್ತದೆ.

ಅದರಲ್ಲಿ ಮುಖ್ಯವಾಗಿ ಮೂರು ಭಾಗಗಳು. ಮೊದಲನೆಯದು ಆಸಿಲೇಟರ್. ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು, ನೂರಾರು ಬಾರಿ ಏರಿಳಿಸಿ ಅದು ಒರಟಾದ ನಾದವನ್ನು ಹುಟ್ಟಿಸುತ್ತದೆ. ಆ ಏರಿಳಿತದ ಚಿತ್ರ ಬರೆದರೆ ಗರಗಸದ ಹಲ್ಲಿನಂತೆ ಕಾಣಬಹುದು. ಎರಡನೆಯದು ಫಿಲ್ಟರ್, ಅಂದರೆ ಜರಡಿ. ಒರಟು ನಾದದಲ್ಲಿರುವ ಮೇಲಿನ ಅಂಶಗಳನ್ನು ಅದು ಸೋಸಿ ತೆಗೆಯುತ್ತದೆ. ಎಷ್ಟು ಸೋಸಬೇಕೆಂಬುದನ್ನು ಒಂದು ನಾಬ್ ತಿರುಗಿಸಿ ಹೇಳಬಹುದು. ಮೂರನೆಯದು ಆಂಪ್ಲಿಫೈಯರ್. ನಾದ ತಟ್ಟನೆ ಏಳಬೇಕೋ ಮೆಲ್ಲಗೆ ಏಳಬೇಕೋ, ಬೇಗ ಆರಬೇಕೋ ನಿಲ್ಲಬೇಕೋ ಎಂಬುದು ಅದರ ಕೆಲಸ. ಇವೆಲ್ಲವೂ ಅಂಕಿಗಳಲ್ಲಿ ಲೆಕ್ಕ ಹಾಕುವ ಕಂಪ್ಯೂಟರಿನಿಂದಲ್ಲದೆ, ಟ್ರಾನ್ಸಿಸ್ಟರು, ಕೆಪಾಸಿಟರುಗಳ ಮೂಲಕ ನಿಜವಾಗಿ ಹರಿಯುವ ವಿದ್ಯುತ್ತಿನಿಂದ ನಡೆದರೆ ಅದು ಅನಲಾಗ್.

ಅಮೆರಿಕದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಥೆರಮಿನ್ ವಾದ್ಯ ತಯಾರಿಸುತ್ತಿದ್ದ ರಾಬರ್ಟ್ ಮೋಗ್, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರೊಂದಿಗೆ ಸೇರಿ 1964ರಲ್ಲಿ ಇಂಥ ವ್ಯವಸ್ಥೆಯನ್ನು ಕಟ್ಟಿದರು. ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುವ ಏರ್ಪಾಟು ಅವರದು. ಅದೇ ಕಾಲಕ್ಕೆ ಅಮೆರಿಕದ ಇನ್ನೊಂದು ತುದಿಯಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ, ಡಾನ್ ಬುಕ್ಲಾ ತಮ್ಮದೇ ಬೇರೆ ದಾರಿಯಲ್ಲಿ ಇಂಥ ಯಂತ್ರ ಕಟ್ಟುತ್ತಿದ್ದರು.

ಅನಲಾಗ್ ಯಂತ್ರಕ್ಕೊಂದು ಜೀವಸ್ವಭಾವವಿದೆ. ಟ್ರಾನ್ಸಿಸ್ಟರಿನ ವರ್ತನೆ ಬಿಸಿಗೆ ತಕ್ಕಂತೆ ಬದಲಾಗುವುದರಿಂದ ಹಳೆಯ ಯಂತ್ರಗಳ ಶ್ರುತಿ ಜಾರುತ್ತಿತ್ತು. ಸ್ವಿಚ್ ಹಾಕಿ ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟೇ ನುಡಿಸುವುದು ರೂಢಿ. ಒಂದೇ ಮಾದರಿಯ ಎರಡು ಯಂತ್ರಗಳು ಕೂಡ ತದ್ರೂಪವಲ್ಲ. ಬಿಡಿಭಾಗಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ, ವರ್ಷ ಕಳೆದಂತೆ ಅದು ಹೆಚ್ಚುತ್ತದೆ. ‘ಮಿನಿಮೋಗ್’ ತಯಾರಾದ ಹತ್ತು ವರ್ಷಗಳಲ್ಲೇ ಅದರ ಆಸಿಲೇಟರ್ ಮಂಡಲ ಒಂದಕ್ಕಿಂತ ಹೆಚ್ಚು ಬಾರಿ ಬದಲಾಯಿತು. 1978ರಲ್ಲಿ ಬಂದ ‘ಪ್ರಾಫೆಟ್-5’ ವಾದ್ಯದ ಮೊದಲ ಆವೃತ್ತಿಗಳಲ್ಲಿದ್ದ ಚಿಪ್ ಒಂದು ಕಂಪನಿಯದು, ಮೂರನೆಯ ಆವೃತ್ತಿಯದು ಇನ್ನೊಂದರದು. ಹೆಸರು ಒಂದೇ, ನಾದ ಬೇರೆ. ವಿಡಿಯೋದಲ್ಲಿ ಕೇಳಿದ ಯಂತ್ರವೇ ಮನೆಗೆ ಬರುತ್ತದೆ ಎಂಬ ನಂಬಿಕೆ ಮೊದಲು ಸಡಿಲವಾಗುವುದು ಇಲ್ಲಿ.

ಬಾಕ್ ಮಾರಿಸಿದ ಯಂತ್ರ

ಮೋಗ್ ಕಂಪನಿಗೂ ತನ್ನ ಯಂತ್ರವನ್ನು ಜನರಿಗೆ ಕೇಳಿಸುವುದು ಹೇಗೆಂಬ ಚಿಂತೆಯಿತ್ತು. ಗೋಡೆಯಷ್ಟು ದೊಡ್ಡ ಕಪಾಟು, ನೂರಾರು ತೂತುಗಳು, ಅವುಗಳ ನಡುವೆ ಜೋತುಬಿದ್ದ ವೈರುಗಳು. ಇದನ್ನು ಊರೂರಿಗೆ ಹೊತ್ತೊಯ್ಯಲಾದೀತೆ? 1967ರಲ್ಲಿ ಕಂಪನಿ ಒಂದು ಮಾದರಿ ಧ್ವನಿಮುದ್ರಿಕೆ ಹೊರತಂದಿತು. ಅದನ್ನು ರಚಿಸಿದವರು ವೆಂಡಿ ಕಾರ್ಲೋಸ್. ಇವತ್ತಿನ ಡೆಮೋ ವಿಡಿಯೋಗಳ ಅಜ್ಜಿ ಎಂದು ಆ ತಟ್ಟೆಯನ್ನು ಕರೆಯಬಹುದು.

ಆದರೆ ಮೋಗ್ ಯಂತ್ರವನ್ನು ಲೋಕಕ್ಕೆ ಮಾರಿದ್ದು ಆ ತಟ್ಟೆಯಲ್ಲ, ಕಾರ್ಲೋಸ್ ಅವರದೇ ಮುಂದಿನ ಕೃತಿ, 1968ರ ‘ಸ್ವಿಚ್ಡ್ ಆನ್ ಬಾಕ್’. ಹದಿನೆಂಟನೆಯ ಶತಮಾನದ ಜರ್ಮನ್ ಸಂಗೀತಗಾರ ಬಾಕ್ ಅವರ ರಚನೆಗಳನ್ನು ಸಿಂಥಸೈಸರಿನಲ್ಲಿ ನುಡಿಸಿದ ಈ ಮುದ್ರಿಕೆ ಅಮೆರಿಕದ ಜನಪ್ರಿಯ ಸಂಗೀತದ ಪಟ್ಟಿಯಲ್ಲಿ ಹತ್ತನೇ ಸ್ಥಾನಕ್ಕೇರಿತು, ಮೂರು ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಕೇಳಿದವರೆಲ್ಲ ‘ಆ ಯಂತ್ರ ನಮಗೂ ಬೇಕು’ ಎಂದರು. ಧ್ವನಿಮುದ್ರಣ ಸಂಸ್ಥೆಗಳು ಸಾಲುಗಟ್ಟಿದವು.

ಯಂತ್ರ ಬಂದು ಇಳಿದ ಮೇಲೆ ನಿಜ ಗೊತ್ತಾಯಿತು. ಮೋಗ್ ಯಂತ್ರ ಒಂದು ಬಾರಿಗೆ ಒಂದೇ ಸ್ವರ ನುಡಿಯುತ್ತಿತ್ತು. ಮುದ್ರಿಕೆಯಲ್ಲಿ ಒಟ್ಟಿಗೆ ಕೇಳುವ ನಾಲ್ಕೈದು ಸಾಲುಗಳನ್ನು ಕಾರ್ಲೋಸ್ ಒಂದೊಂದಾಗಿ ನುಡಿಸಿ, ಎಂಟು ಜಾಡುಗಳ ಟೇಪಿನಲ್ಲಿ ಪದರ ಪದರವಾಗಿ ಕೂಡಿಸಿದ್ದರು. ನಡುನಡುವೆ ಜಾರುವ ಶ್ರುತಿಯನ್ನು ಮತ್ತೆ ಮತ್ತೆ ಸರಿಪಡಿಸಿಕೊಂಡು ತಿಂಗಳುಗಟ್ಟಲೆ ಮಾಡಿದ ಕೆಲಸ ಅದು. ಜನ ಕೇಳಿದ್ದು ಯಂತ್ರದ ಜೊತೆಗೆ ಒಬ್ಬ ಕಲಾವಿದೆಯ ತಾಳ್ಮೆಯನ್ನು. ಕೊಂಡದ್ದು ಯಂತ್ರವನ್ನಷ್ಟೇ. ಅನೇಕ ಕಡೆ ಆ ದುಬಾರಿ ಕಪಾಟುಗಳು ಬಳಕೆಯಾಗದೆ ಮೂಲೆ ಸೇರಿದವು. ಬೇಡಿಕೆ ಬಂದಷ್ಟೇ ಬೇಗ ಇಳಿಯಿತು. 1971ರಲ್ಲಿ ಮೋಗ್ ಅವರ ಕಂಪನಿ ಕೈಬದಲಾಯಿಸಿ ಬಫಲೋ ನಗರದ ಬಳಿಗೆ ಹೋಯಿತು.

ಈ ಗೊಂದಲಕ್ಕೆ ಇನ್ನೊಂದು ಸೋಜಿಗದ ನಿದರ್ಶನವಿದೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1969ರಲ್ಲಿ ‘ಎಲೆಕ್ಟ್ರಾನಿಕ್ ಸೌಂಡ್’ ಎಂಬ ಮುದ್ರಿಕೆ ಹೊರತಂದರು. ಅದರ ಒಂದು ಬದಿಯಲ್ಲಿರುವುದು ತಾನು ಹ್ಯಾರಿಸನ್ ಅವರಿಗೆ ಯಂತ್ರದ ಪರಿಚಯ ಮಾಡಿಕೊಡುತ್ತಾ ನುಡಿಸಿ ತೋರಿಸಿದ್ದೇ ಎಂದು ಮೋಗ್ ಯಂತ್ರದ ಪ್ರಚಾರಕ ಬರ್ನಿ ಕ್ರಾಸ್ ದೂರಿದರು. ಡೆಮೋ ಎಲ್ಲಿ ಮುಗಿಯುತ್ತದೆ, ಸಂಗೀತ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಅಂದೇ ಅಳಿಸಿಹೋಗಿತ್ತು.

ಕಣ್ಣಿಗೂ ಕಾಣುವ ಡೆಮೋ ಕೂಡ ಆ ಕಾಲದಲ್ಲೇ ಬಂತು. 1969ರ ಸೆಪ್ಟೆಂಬರ್ 30ರಂದು ಬಿಬಿಸಿಯ ‘ಟುಮಾರೋಸ್ ವರ್ಲ್ಡ್’ ಕಾರ್ಯಕ್ರಮದಲ್ಲಿ ಮೈಕ್ ವಿಕರ್ಸ್ ಮೋಗ್ ಯಂತ್ರವನ್ನು ನುಡಿಸಿ ತೋರಿಸಿದರು. ವೀಕ್ಷಕರ ಮನೆಯಲ್ಲಿದ್ದದ್ದು ಅಂಗೈಯಗಲದ ಸ್ಪೀಕರಿನ ಟಿ.ವಿ. ಯಂತ್ರದ ಮಂದ್ರನಾದದಲ್ಲಿ ಎಷ್ಟು ಪಾಲು ಅವರಿಗೆ ತಲುಪಿದ್ದೀತು ಎಂಬುದನ್ನು ಊಹಿಸಿಕೊಳ್ಳಬಹುದು.

ಅಂಗಡಿಗೆ ಬಂದ ಸಿಂಥಸೈಸರ್

1970ರ ಕೊನೆಯಲ್ಲಿ ಸಿದ್ಧವಾದ ಮಿನಿಮೋಗ್ ಈ ಕಥೆಯನ್ನು ಬದಲಾಯಿಸಿತು. ವೈರುಗಳ ಗೋಜಿಲ್ಲದ, ಮೂರು ಆಸಿಲೇಟರ್, 44 ಮನೆಗಳ ಕೀಬೋರ್ಡ್ ಇರುವ, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ ಪೆಟ್ಟಿಗೆ. ಬೆಲೆ ಸುಮಾರು 1,500 ಡಾಲರ್. ಡೇವಿಡ್ ವಾನ್ ಕೋವೆರಿಂಗ್ ಎಂಬ ಮಾರಾಟಗಾರ ಅದನ್ನು ಹೊತ್ತು ಫ್ಲಾರಿಡಾದ ಕ್ಲಬ್ಬುಗಳನ್ನು ಸುತ್ತಿದರು. ಅಲ್ಲಿ ನುಡಿಸುವವರ ಕೈಗೇ ಕೊಟ್ಟು ‘ತಿರುಗಿಸಿ ನೋಡಿ’ ಎನ್ನುವುದು ಅವರ ರೀತಿ. ಆ ಸಂಗೀತಗಾರರನ್ನು ಊರಿನ ವಾದ್ಯದಂಗಡಿಗೆ ಕರೆದೊಯ್ದು, ಅಂಗಡಿಯವರು ಸಿಂಥಸೈಸರ್ ಇಟ್ಟುಕೊಳ್ಳುವಂತೆ ಮಾಡಿದರು. ತಟ್ಟಿ ನೋಡಿ ಕೊಳ್ಳುವ ಸಂತೆಯ ಪದ್ಧತಿ ಈ ವಾದ್ಯಕ್ಕೂ ಕೆಲಕಾಲ ದಕ್ಕಿತು.

ಆ ಸುವರ್ಣಕಾಲ ಬಹಳ ದಿನ ಉಳಿಯಲಿಲ್ಲ. 1983ರಲ್ಲಿ ಯಮಾಹಾ ಕಂಪನಿಯ ‘ಡಿಎಕ್ಸ್-7’ ಎಂಬ ಡಿಜಿಟಲ್ ವಾದ್ಯ ಬಂದಿತು. ಶ್ರುತಿ ಜಾರದು, ಒಂದೊಂದು ಗುಂಡಿಗೆ ಒಂದೊಂದು ಸಿದ್ಧ ನಾದ. ಅನಲಾಗ್ ಯಂತ್ರಗಳು ಹಳೆಯ ಸಾಮಾನಿನ ಬೆಲೆಗೆ ಇಳಿದವು. ಮತ್ತೆ ಅವಕ್ಕೆ ಬೇಡಿಕೆ ಕುದುರುವ ಹೊತ್ತಿಗೆ ಅಂಗಡಿಗಳ ಬದಲು ಅಂತರ್ಜಾಲ ಬಂದಿತ್ತು. 2005ರಲ್ಲಿ ಯೂಟ್ಯೂಬ್ ಆರಂಭವಾಯಿತು. 2013ರಲ್ಲಿ ಕೋರ್ಗ್ ಕಂಪನಿ ತನ್ನ ಹಳೆಯ ‘ಎಂಎಸ್-20’ ವಾದ್ಯದ ಕಿರಿಯ ರೂಪವನ್ನೂ, 2016ರಲ್ಲಿ ಮೋಗ್ ಕಂಪನಿ ಮಿನಿಮೋಗನ್ನೂ ಮರಳಿ ತಂದವು. 2018ರಲ್ಲಿ ಬೆಹ್ರಿಂಗರ್ ಕಂಪನಿ ಮಿನಿಮೋಗಿನ ಅಗ್ಗದ ನಕಲನ್ನು ಮಾರುಕಟ್ಟೆಗೆ ಬಿಟ್ಟಿತು. ಅಸಲಿಗೂ ನಕಲಿಗೂ ಏನು ವ್ಯತ್ಯಾಸ ಎಂದು ಹೋಲಿಸುವ ವಿಡಿಯೋಗಳ ಹೊಳೆಯೇ ಹರಿಯಿತು.

ಕಿವಿಗೆ ಬೀಳುವ ಮುನ್ನ

ಯಂತ್ರದಿಂದ ಹೊರಟ ನಾದ ನಮ್ಮ ಕಿವಿ ಸೇರುವ ಮುನ್ನ ಹಲವು ಸುಂಕದಕಟ್ಟೆಗಳನ್ನು ದಾಟಬೇಕು. ವಿಡಿಯೋದ ನಾದವನ್ನು ಕುಗ್ಗಿಸಿ ಕಳಿಸುವುದು ಮೊದಲನೆಯದು. ಸಿ.ಡಿ.ಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿಯಿದ್ದರೆ, ವಿಡಿಯೋದಲ್ಲಿ ಸಾಮಾನ್ಯವಾಗಿ ಅದರ ಹತ್ತನೇ ಒಂದು ಪಾಲಿನ ಆಸುಪಾಸು. ಒಂದು ದೊಡ್ಡ ದನಿಯ ನೆರಳಲ್ಲಿ ಕಿವಿ ಗುರುತಿಸಲಾರದ ಸಣ್ಣ ದನಿಗಳನ್ನು ಬಿಟ್ಟುಬಿಡುವ ಜಾಣತನ ಇದು. ಈ ಕಟ್ಟೆಯಲ್ಲಿ ಆಗುವ ನಷ್ಟ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ದೊಡ್ಡ ನಷ್ಟ ಆಗುವುದು ಕೊನೆಯ ಕಟ್ಟೆಯಲ್ಲಿ, ಅಂದರೆ ನಮ್ಮದೇ ಮೊಬೈಲಿನ ಸ್ಪೀಕರಿನಲ್ಲಿ. ಅನಲಾಗ್ ಯಂತ್ರಗಳ ಹಿರಿಮೆಯೆಂದು ಹೊಗಳುವ ಮಂದ್ರನಾದ ಸೆಕೆಂಡಿಗೆ ಐವತ್ತು ಅರವತ್ತು ಕಂಪನಗಳದು. ಆ ಪುಟಾಣಿ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿಯೇ ಇಲ್ಲ. ಆದರೂ ನಮಗೆ ಏನೋ ಮಂದ್ರ ಕೇಳಿದಂತಾಗುತ್ತದಲ್ಲ? ಅದು ಮಿದುಳಿನ ಕರಾಮತ್ತು. ಮೇಲಿನ ಅನುರಣನಗಳನ್ನು ಕೇಳಿ, ಇಲ್ಲದ ಆಧಾರಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹೀಗೆ ತುಂಬಿಕೊಂಡದ್ದನ್ನು ಯಂತ್ರದ ಗುಣವೆಂದು ನಂಬಿ ಹಣ ಕೊಡುವವರಿದ್ದಾರೆ.

ಇನ್ನೊಂದು ಕಟ್ಟೆ ಗಟ್ಟಿತನದ್ದು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಒಂದು ಸಂಗತಿಯನ್ನು ಅಳೆದು ತೋರಿಸಿದ್ದರು. ದನಿ ಸಣ್ಣದಿದ್ದಾಗ ಕಿವಿ ಮಂದ್ರವನ್ನು ಕಡಿಮೆ ಗ್ರಹಿಸುತ್ತದೆ. ದನಿ ಏರಿದಂತೆ ಮಂದ್ರ ತುಂಬಿಕೊಳ್ಳುತ್ತದೆ. ಎರಡು ಯಂತ್ರಗಳ ಹೋಲಿಕೆಯಲ್ಲಿ ಒಂದರ ದನಿ ಕೊಂಚ ಜೋರಾಗಿದ್ದರೆ ಸಾಕು, ಅದೇ ‘ತುಂಬು ನಾದದ್ದು’ ಎಂಬ ತೀರ್ಪು ಬಂದುಬಿಡುತ್ತದೆ. ಇದರ ಮೇಲೆ ಪ್ರತಿಧ್ವನಿಯ ಯಂತ್ರ, ಜೊತೆಗೆ ಡ್ರಮ್ಮಿನ ಸದ್ದು ಸೇರಿದರೆ ಮೂಲ ನಾದವನ್ನು ಹುಡುಕಿ ತೆಗೆಯುವುದು ಸಾರಿನಲ್ಲಿ ಉಪ್ಪನ್ನು ಹುಡುಕಿದಂತೆ.

ಹಾಗಾದರೆ ವಿಡಿಯೋ ನೋಡುವುದೇ ದಂಡವೇ? ಅಲ್ಲ. ಹಿಂದಿನ ತಟ್ಟೆಗಳಲ್ಲಿ ಇಲ್ಲದ ಒಂದು ಉಪಕಾರ ಅದರಲ್ಲಿದೆ: ಕೈ ಕಾಣುತ್ತದೆ. ಯಾವ ನಾಬ್ ಎಷ್ಟು ತಿರುಗಿದಾಗ ನಾದ ಹೇಗೆ ಬದಲಾಯಿತು ಎಂಬುದನ್ನು ಕಣ್ಣು ಕಿವಿ ಎರಡರಿಂದಲೂ ಹಿಡಿಯಬಹುದು. ಒಂದೇ ಆಸಿಲೇಟರನ್ನು, ಪ್ರತಿಧ್ವನಿ ಯಾವುದೂ ಇಲ್ಲದೆ, ಫಿಲ್ಟರನ್ನು ಪೂರ್ತಿ ಮುಚ್ಚಿ ಮೆಲ್ಲಗೆ ತೆರೆಯುತ್ತಾ ಹೋಗುವ ಅರ್ಧ ನಿಮಿಷ, ಮೆರುಗು ಕೊಟ್ಟ ಹತ್ತು ನಿಮಿಷದ ಸಂಗೀತಕ್ಕಿಂತ ಹೆಚ್ಚು ಹೇಳುತ್ತದೆ. ಅದೇ ಯಂತ್ರವನ್ನು ಮೂರು ನಾಲ್ಕು ಮಂದಿ ನುಡಿಸಿದ್ದನ್ನು ಕೇಳಬೇಕು. ಎಲ್ಲರ ಕೈಯಲ್ಲೂ ಉಳಿದುಬರುವ ಗುಣ ಯಂತ್ರದ್ದು, ಒಬ್ಬರ ಕೈಯಲ್ಲಿ ಮಾತ್ರ ಕಾಣುವುದು ಅವರದು. ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದರೆ ಬೆಲೆ, ಹೆಸರು, ಹೊಳಪುಗಳ ಮಾಯೆಯೂ ಇಳಿಯುತ್ತದೆ.

ಡೆಮೋ ಹೇಳದ ಮಾತು

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಯಾವ ಡೆಮೋ ಕೂಡ ಹೇಳಲಾರದ ಒಂದು ಮಾತಿದೆ. ಅದಕ್ಕೆ ರೋಲಾಂಡ್ ಕಂಪನಿಯ ‘ಟಿಬಿ-303’ ಸಾಕ್ಷಿ. ಜೊತೆಗಾರರಿಲ್ಲದೆ ಗಿಟಾರ್ ಅಭ್ಯಾಸ ಮಾಡುವವರಿಗೆ ಬೇಸ್ ಗಿಟಾರಿನ ಬದಲಿಗೆ ಒದಗಲೆಂದು ತದಾವೊ ಕಿಕುಮೊಟೊ ವಿನ್ಯಾಸಗೊಳಿಸಿದ ಈ ಬೆಳ್ಳಿಬಣ್ಣದ ಪೆಟ್ಟಿಗೆಯನ್ನು ಕಂಪನಿ 1981ರ ಕೊನೆಗೆ ಹೊರತಂದಿತು. ಕೇಳಿದವರು ‘ಇದು ಬೇಸ್ ಗಿಟಾರಿನಂತೆ ಕೇಳುವುದಿಲ್ಲ’ ಎಂದರು. ಅವರ ತೀರ್ಪು ಸರಿಯಾಗಿಯೇ ಇತ್ತು. ಸುಮಾರು 10,000 ಪೆಟ್ಟಿಗೆ ತಯಾರಿಸಿ 1984ರಲ್ಲಿ ಕಂಪನಿ ಕೈಬಿಟ್ಟಿತು. ಅವು ಹಳೆಯ ಸಾಮಾನಿನ ಅಂಗಡಿ ಸೇರಿದವು.

ಅಲ್ಲಿಂದ ಅಗ್ಗಕ್ಕೆ ಕೊಂಡ ಷಿಕಾಗೋದ ‘ಫ್ಯೂಚರ್’ ಎಂಬ ತಂಡದ ಯುವಕರು, ಕೈಪಿಡಿಯ ಗೊಡವೆಯಿಲ್ಲದೆ ನಾಬುಗಳನ್ನು ತಿರುಗಿಸುತ್ತಾ ಹೋದರು. ಚೀರುವ, ಗುಳುಗುಳಿಸುವ ವಿಚಿತ್ರ ನಾದ ಹೊರಟಿತು. 1987ರಲ್ಲಿ ಬಂದ ಅವರ ‘ಆ್ಯಸಿಡ್ ಟ್ರ್ಯಾಕ್ಸ್’ ಒಂದು ಸಂಗೀತಶೈಲಿಗೇ ಹೆಸರು ಕೊಟ್ಟಿತು.

ಅದಕ್ಕೂ ಐದು ವರ್ಷ ಮೊದಲು ಮುಂಬಯಿಯಲ್ಲಿ ಚರಣ್‌ಜಿತ್ ಸಿಂಗ್ ಎಂಬ ಹಿಂದಿ ಚಿತ್ರರಂಗದ ವಾದ್ಯಗಾರರು ಅದೇ ಪೆಟ್ಟಿಗೆಯಲ್ಲಿ ಬೇರೆಯದನ್ನು ಕೇಳಿಸಿಕೊಂಡಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ ಸೌಲಭ್ಯ ಅದರಲ್ಲಿತ್ತು. ಜಾರು, ಗಮಕಗಳ ಸಂಗೀತದಲ್ಲಿ ಬೆಳೆದ ಕಿವಿಗೆ ಅದು ದೊಡ್ಡ ವರವಾಗಿ ಕಂಡಿರಬೇಕು. 1982ರಲ್ಲಿ ಅವರು ಟಿಬಿ-303 ಮತ್ತು ಇನ್ನೆರಡು ರೋಲಾಂಡ್ ಯಂತ್ರಗಳಿಂದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಮುದ್ರಿಸಿದರು. ಅಂದು ಯಾರೂ ಗಮನಿಸಲಿಲ್ಲ. 2010ರಲ್ಲಿ ಮರುಮುದ್ರಣಗೊಂಡಾಗ ಲೋಕ ಬೆರಗಾಯಿತು.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕಥೆಯೂ ಇಂಥದೇ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೋಗ್ ಯಂತ್ರವೊಂದನ್ನು ಸ್ಥಾಪಿಸಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನರಾಜ್ ಜೋಷಿಪುರ ಮೊದಲಾದವರು ಯಂತ್ರದ ಮುಂದೆ ಕುಳಿತು ತಮಗೆ ತೋಚಿದಂತೆ ನಾದ ಕಟ್ಟಿದರು. ದಶಕಗಳ ಕಾಲ ಸಂಸ್ಥೆಯಲ್ಲೇ ಮರೆತುಹೋಗಿದ್ದ ಆ ಟೇಪುಗಳು 2023ರಲ್ಲಿ ಪ್ರಕಟವಾದವು. ಬಾಕ್ ಮುದ್ರಿಕೆ ಕೇಳಿ ಯಂತ್ರ ಕೊಂಡವರು ಬಾಕ್‌ನಂಥದ್ದೇ ಬರಲಿಲ್ಲವೆಂದು ನಿರಾಶರಾದರೆ, ಇಲ್ಲಿ ಯಂತ್ರವೇ ಕೈಗೆ ಸಿಕ್ಕವರು ತಮ್ಮದೇ ದಾರಿ ಹಿಡಿದಿದ್ದರು.

ವಿಡಿಯೋ ನೋಡಿ ಯಂತ್ರ ಆರಿಸುವ ಯುವಕ ಈ ಎರಡೂ ಗುಂಪುಗಳ ನಡುವೆ ನಿಂತಿದ್ದಾನೆ. ಅವನು ಕೇಳುತ್ತಿರುವುದು ಬೇರೊಬ್ಬರು ಆ ಯಂತ್ರದಲ್ಲಿ ಕಂಡುಕೊಂಡದ್ದನ್ನು. ಅಷ್ಟೇ ನಾದ ಸಾಕೆಂದರೆ ಅದನ್ನು ಕೇಳಿಕೊಂಡಿರಬಹುದು, ಯಂತ್ರ ಕೊಳ್ಳುವ ಖರ್ಚೇ ಬೇಡ. ತಾನು ಏನನ್ನು ಹುಡುಕಲು ಹೊರಟಿದ್ದೇನೆ, ಈ ನಾಬುಗಳು ಅದಕ್ಕೆ ದಾರಿ ಬಿಟ್ಟಾವೇ ಎಂದು ಕೇಳಿಕೊಂಡು ನೋಡಿದರೆ ಅದೇ ವಿಡಿಯೋ ಬೇರೆಯಾಗಿ ಕಾಣುತ್ತದೆ.

ಮಡಕೆಯನ್ನು ತಟ್ಟಿದಾಗ ತಿಳಿಯುವುದು ಅದು ಒಡೆದಿಲ್ಲವೆಂದು ಮಾತ್ರ. ಅದರಲ್ಲಿ ಎಂಥ ಅಡುಗೆ ಆದೀತು ಎಂಬುದು ಒಲೆ ಹಚ್ಚಿದ ಮೇಲಿನ ಮಾತು.